ಸ್ಟೇ ಆರ್ಡರಿನ ಕಾಡು

ಮನುಷ್ಯರೆಲ್ಲ ಅಳಿದುಹೋದರೆ ಭೂಮಿ ತಾನಾಗಿಯೇ ಚೇತರಿಸಿಕೊಳ್ಳುತ್ತದಂತೆ, ಮಳೆ ಬಿಸಿಲು ಮೊದಲಿನ ಹಾಗಾಗುತ್ತವಂತೆ. ಅದಕ್ಕಾಗಿ ಎಲ್ಲರೂ ಅಳಿಯುವಷ್ಟು ಶ್ರಮ ಬೇಡ ಎಂಬುದು ನನ್ನ ಅಭಿಪ್ರಾಯ. ಅಣ್ಣತಮ್ಮಂದಿರಿಬ್ಬರು ಒಬ್ಬರ ಮುಖ ಒಬ್ಬರು ನೋಡದಿದ್ದರೆ ಸಾಕು. ಜೆ.ಪಿ. ನಗರದಲ್ಲಿ ನಮ್ಮ ಪಕ್ಕದ ಖಾಲಿ ಸೈಟಿನ ಒಡೆಯರಾದ ನಂಜುಂಡಪ್ಪ, ರುದ್ರಪ್ಪ ಎಂಬ ಸೋದರರು ಪಾಲಿಗಾಗಿ ಕಿತ್ತಾಡಿ ಕೋರ್ಟಿನಿಂದ ಸ್ಟೇ ತಂದರು. ತೀರ್ಪು ಬರುವವರೆಗೆ ಯಾರೂ ಅಲ್ಲಿ ಒಂದು ಇಟ್ಟಿಗೆಯನ್ನೂ ಇಡಕೂಡದು. ಮನುಷ್ಯನ ಕಾಲು ಆಚೆ ಹೋದದ್ದೇ ತಡ, ಮೊದಲ ಮಳೆಗೇ ತುಂಬೆ, ಉತ್ತರಾಣಿ ಎದ್ದವು. ವರ್ಷಗಳು ಕಳೆದಂತೆ ಹೊಂಗೆ ಮರವಾಯಿತು, ಮುಂಗುಸಿಗಳು ಸಂಸಾರ ಸಮೇತ ಬಂದು ನೆಲೆಸಿದವು. ವನಮಹೋತ್ಸವದ ದಿನ ಭಾಷಣ ಮಾಡಿ ನೆಟ್ಟ ಸಸಿಗಳು ಅದೇ ರಸ್ತೆಯಲ್ಲಿ ಒಣಕಡ್ಡಿಗಳಾಗಿ ನಿಂತಿದ್ದವು.

ಬೆಂಗಳೂರಿನವರೂ ಫ್ಯಾನು ಕೊಳ್ಳಲು ಶುರುಮಾಡಿದ್ದ ಕಾಲ ಅದು. ನಮ್ಮ ಅಡಿಗೆಮನೆಗೆ ಮಾತ್ರ ಕಿಟಕಿ ತೆರೆದರೆ ಸಾಕು, ತಂಪು ಗಾಳಿ. ದಿನಾ ದೇವರ ಮುಂದೆ ನಿಂತು, ಆ ಸೋದರರ ದ್ವೇಷ ಇನ್ನಷ್ಟು ಬಲಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ. "ಇನ್ನೊಬ್ರ ಮನೆ ಮುರೀಲಿ ಅಂತ ಕೇಳ್ಕೋತೀರಲ್ಲ, ನಾಚ್ಕೆ ಆಗಲ್ವಾ ನಿಮ್ಗೆ?" ಎಂದಳು ನನ್ನ ಹೆಂಡತಿ ಸರೋಜ, ಅದೇ ಕಿಟಕಿಯ ಗಾಳಿಗೆ ಮುಖವೊಡ್ಡಿಕೊಂಡು.

ದೇವರು ಅವಳ ಮಾತು ಕೇಳಿದ. ರುದ್ರಪ್ಪನವರ ಮಗಳ ಮದುವೆಯಲ್ಲಿ ಸೋದರರು ತಬ್ಬಿಕೊಂಡು ಅತ್ತು ರಾಜಿಯಾದರು. ನಂಜುಂಡಪ್ಪನವರು ಚಿರೋಟಿ ತಂದುಕೊಟ್ಟು, "ಎಲ್ಲಾ ನಿಮ್ಮಂಥೋರ ಆಶೀರ್ವಾದ ಸಾರ್" ಎಂದರು. ಗಂಟಲಲ್ಲಿ ಇಳಿಯಲಿಲ್ಲ ಎನ್ನಲಾರೆ, ಚಿರೋಟಿ ಚೆನ್ನಾಗಿಯೇ ಇತ್ತು. ಹೊಂಗೆ ಉರುಳಿದ ದಿನ ಮುಂಗುಸಿಯೊಂದು ನಮ್ಮ ಕಾಂಪೌಂಡಿನ ಮೇಲೆ ದಿಕ್ಕು ತೋಚದೆ ಓಡಾಡುತ್ತಿತ್ತು. ನೋಡಿ ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಈಗ ಅಲ್ಲಿ ಎರಡು ಅಂತಸ್ತಿನ ಮನೆ, ನಮ್ಮ ಕಿಟಕಿಗೆ ಎದುರಾಗಿ ಅವರ ಬಚ್ಚಲ ಪೈಪು.

ಇನ್ನು ಉಳಿದಿದ್ದುದು ಕೋಣನಕುಂಟೆಯಲ್ಲಿ ನಮ್ಮಪ್ಪ ನನಗೂ ತಮ್ಮ ಶಂಕರನಿಗೂ ಜಂಟಿಯಾಗಿ ಬಿಟ್ಟುಹೋದ ಸೈಟು. ಅಲ್ಲಿ ಒಂದು ಹಳೇ ಬಾವಿ ಇದೆ, ಅಲ್ಲೂ ಒಂದು ಹೊಂಗೆ ಇದೆ, ಅದರ ತುಂಬ ಹಕ್ಕಿಗಳಿವೆ. ಮೊನ್ನೆ ಶಂಕರ ಬಂದು, "ಅಣ್ಣ, ಇಬ್ರೂ ಸೇರಿ ಮನೆ ಕಟ್ಬಿಡೋಣ" ಎಂದ. ಈ ಕಾಡನ್ನಾದರೂ ಉಳಿಸಬೇಕು, ಅದಕ್ಕೆ ಇವನ ಜೊತೆ ಜಗಳವಾಗಲೇಬೇಕು ಎಂದು ತೀರ್ಮಾನಿಸಿದೆ.

"ರಸ್ತೆ ಕಡೆ ಭಾಗ ನಂಗೆ ಬೇಕು" ಎಂದೆ.

"ತಗೋ ಅಣ್ಣ, ನೀನು ದೊಡ್ಡೋನು."

"ಬಾವಿ?"

"ಅದೂ ನಿಂದೇ."

ಇಂಥ ಒಳ್ಳೆಯವರಿಂದಲೇ ಭೂಮಿ ಹಾಳಾಗುತ್ತಿರುವುದು. ಇನ್ನೂ ಹಠ ಹಿಡಿದಿದ್ದರೆ ಕೋರ್ಟಿನವರೆಗೆ ಎಳೆಯಬಹುದಿತ್ತೇನೋ. ಆದರೆ ರಸ್ತೆ ಕಡೆಯ ಭಾಗ ಅಷ್ಟು ಸಲೀಸಾಗಿ ಕೈಗೆ ಬಂದ ಮೇಲೆ ಬಿಡಲು ಮನಸ್ಸಾಗಲಿಲ್ಲ. ಹೊಂಗೆ ಇರುವುದು ಆ ಭಾಗದಲ್ಲೇ. ಮರ ಕಡಿಯುವವನಿಗೆ ಭಾನುವಾರ ಬಾ ಎಂದು ನಾನೇ ಹೇಳಿ ಬಂದಿದ್ದೇನೆ.