ಟಚ್ ಫೋನೂ ನಮ್ಮ ಮಾವನವರ ಕಣ್ಣೂ

ಹೊಸ ಯಂತ್ರ ಕಂಡರೆ ಮೂಗು ಮುರಿಯುವ ಜಾತಿ ನನ್ನದು. ದೋಣಿಮಲೈನ ಶಾಲೆಯಲ್ಲಿ ಗಣಿತ ಹೇಳಿಕೊಡುವ ನಾನು, ಫೋನೆಂದರೆ ಮಾತಾಡಲಿಕ್ಕೆ, ಚಿತ್ರ ನೋಡಲಿಕ್ಕಲ್ಲ ಎಂದು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಭಾಷಣ ಬಿಗಿದಿದ್ದೇನೆ. ಅಂಥವನು ಟಚ್ ಫೋನ್ ಕೊಂಡದ್ದು ಆಸೆಯಿಂದಲ್ಲ, ಧೂಳಿನಿಂದ. ಚೀನಾಕ್ಕೆ ಹೋಗುವ ಕಬ್ಬಿಣದ ಅದಿರು ಹೊತ್ತ ಲಾರಿಗಳೆಬ್ಬಿಸುವ ಕೆಂಧೂಳು ನನ್ನ ಹಳೆಯ ಫೋನಿನ ಗುಂಡಿಗಳ ಸಂದಿಗೆ ಇಳಿದು, ಐದು ಒತ್ತಿದರೆ ಎಂಟು ಬೀಳುತ್ತಿತ್ತು. ಹೊಸಪೇಟೆಯ ಅಂಗಡಿಯವನು ಅದನ್ನು ಬಿಚ್ಚಿ ಮೇಜಿನ ಮೇಲೆ ಕೊಡವಿದ. "ಸರ, ಇದ್ರಾಗ ಭಾಳ ಅದಿರು ಐತ್ರಿ. ರಿಪೇರಿ ಯಾಕ, ಹಿಂಗ ಚೀನಾಕ್ಕ ಕಳಸಿಬಿಡ್ರಿ" ಅಂದ.

ಹೀಗೆ ಗುಂಡಿಯೇ ಇಲ್ಲದ ಫೋನು ಮನೆಗೆ ಬಂತು. ಮೊದಲ ದಿನ ಅದು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಚಾಕ್‌ಪೀಸ್ ಹಿಡಿದು ಒರಟಾದ ಬೆರಳನ್ನು ಎಷ್ಟು ಒತ್ತಿದರೂ ಸುಮ್ಮನಿತ್ತು. ನನ್ನ ಹೆಂಡತಿ ಶಶಿಕಲಾ ಮುಟ್ಟಿದ್ದೇ ತಡ, ಚಿತ್ರಗಳು ಸರಸರ ಸರಿದವು. "ಒತ್ತಬಾರದ್ರೀ, ಸವರಬೇಕು" ಎಂದಳು. ಎರಡು ಬೆರಳಿಟ್ಟು ಅಗಲಿಸಿದರೆ ಚಿತ್ರ ಹಿಗ್ಗುವುದನ್ನು ಕಂಡಾಗಲಂತೂ ನಾನು ಮನಸೋತೆ. ನಮ್ಮ ಆರು ವರ್ಷದ ಮಗಳು ಪುಟ್ಟಿಯ ಫೋಟೋ ತೆಗೆದು, ದಿನವಿಡೀ ಹಿಗ್ಗಿಸಿ ಕುಗ್ಗಿಸಿ ಕುಳಿತೆ.

ಆ ಭಾನುವಾರ ಕಂಪ್ಲಿಗೆ, ಮಾವನವರ ಮನೆಗೆ ಹೋದೆವು. ಮಾವ ಚನ್ನಬಸಪ್ಪನವರು ಅಕ್ಕಿ ಗಿರಣಿಯ ಮಾಲೀಕರು. ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಹೊಸಪೇಟೆಯ ಕಣ್ಣಿನ ಡಾಕ್ಟರು ಆಪರೇಷನ್‌ಗೆ ಬಾ ಎಂದರೆ ಸಿಡಿಮಿಡಿಗೊಳ್ಳುತ್ತಿದ್ದರು. "ಅಂಗೈಯಾಗ ಹಿಡಿದ್ರ ಅಕ್ಕಿ ಯಾವ್ದು ಅಂತ ಹೇಳ್ತೀನಿ, ಕಣ್ಣು ಯಾಕ ಬೇಕು?" ಎಂಬ ವಾದ. ಹಿಂದಿನ ತಿಂಗಳು ಅವರ ಪಂಚೆ ಗಿರಣಿಯ ಬೆಲ್ಟಿಗೆ ಸಿಕ್ಕಿತ್ತು. ಆಳೊಬ್ಬ ಓಡಿಬಂದು ಸ್ವಿಚ್ ಆರಿಸಿರದಿದ್ದರೆ ಏನಾಗುತ್ತಿತ್ತೋ. ಅಂದಿನಿಂದ ಶಶಿಕಲಾಳಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ.

ಅಂದು ಬೆಳಗಿನಿಂದ ಪುಟ್ಟಿ ಅಜ್ಜನ ತೊಡೆಯ ಮೇಲೇ ಕುಳಿತು ಹರಟಿ, ಆಮೇಲೆ ಹಿತ್ತಲಿಗೆ ಓಡಿದಳು. ನಾನು ಜಂಬದಿಂದ ಫೋನು ತೆಗೆದೆ. "ಮಾವಾರ, ಪುಟ್ಟಿ ಫೋಟೋ ನೋಡ್ರಿ."

ಮಾವ ಅದನ್ನು ತಲೆಕೆಳಗಾಗಿ ಹಿಡಿದು, "ಭಾಳ ಚಲೋ ಬಂದೈತಿ" ಅಂದರು.

ಶಶಿಕಲಾ ಮುಖ ತಿರುಗಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಏನು ಮಾಡುವುದೆಂದು ತೋಚದೆ ನಾನು ಫೋನು ಇಸಿದುಕೊಂಡು, ನೆಟ್ಟಗೆ ಮಾಡಿ, ಪರದೆಯ ತುಂಬ ಪುಟ್ಟಿಯ ನಗುವ ಬಾಯಷ್ಟೇ ಕಾಣುವಂತೆ ಹಿಗ್ಗಿಸಿ ಅವರ ಕಣ್ಣಿನ ಹತ್ತಿರ ಹಿಡಿದೆ. ಮಾವ ಹಿಂದೆ ಮುಂದೆ ತಲೆಯಾಡಿಸಿ ದಿಟ್ಟಿಸಿದರು.

"ಶಶೀ, ಕೂಸಿನ ಮುಂದಿನ ಹಲ್ಲು ಎಲ್ಲಿ?"

"ಬಿದ್ದು ಎಂಟು ದಿನ ಆತಪ್ಪ."

"ಮುಂಜಾನಿಂದ ನನ್ನ ತೊಡಿಮ್ಯಾಗ ಕುಂತಿತ್ತಲ್ಲ..." ಎನ್ನುತ್ತ ಮಾವ ಪರದೆಯ ಮೇಲೆ ಬೆರಳು ಸವರಿದರು. ಒತ್ತಲಿಲ್ಲ, ಸವರಿದರು, ನನಗಿಂತ ಬೇಗ ಕಲಿತರು. ಆಮೇಲೆ ಮಗಳತ್ತ ತಿರುಗಿ, "ಆ ಡಾಕ್ಟ್ರು ಯಾವಾಗ ಬಾ ಅಂದಾರ?" ಎಂದು ಕೇಳಿದರು.

ಹೊಸಪೇಟೆಯಲ್ಲಿ ಆಪರೇಷನ್ ಆಯಿತು. ಪಟ್ಟಿ ಬಿಚ್ಚುವ ದಿನ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಂಚದ ಬುಡದಲ್ಲೇ ನಿಂತೆ. ದೃಷ್ಟಿ ಕೊಡಿಸಿದ ಅಳಿಯನಿಗೆ ನಾಲ್ಕು ಒಳ್ಳೆಯ ಮಾತು ಬಂದೇ ಬರುತ್ತವೆಂದು ನನ್ನ ಎಣಿಕೆ. ಮಾವ ಮೊದಲು ಪುಟ್ಟಿಯನ್ನು ಕಣ್ತುಂಬ ನೋಡಿದರು, ಮಗಳ ಗಲ್ಲ ಹಿಡಿದು ನೋಡಿದರು. ಆಮೇಲೆ ನನ್ನತ್ತ ತಿರುಗಿದವರು ನೋಡುತ್ತಲೇ ಉಳಿದರು.

"ಶಶೀ, ಮಾಸ್ತರ್ರ ತಲಿಗೂದಲು ಯಾವಾಗ ಹೋದುವು?"

"ಒಂದೂವರಿ ವರ್ಷ ಆತಪ್ಪ."

"ಒಬ್ರಾದ್ರೂ ನನಗ ಹೇಳಬಾರದಾ!" ಎಂದು ಮಾವ ನಿಜವಾಗಿಯೂ ನೊಂದುಕೊಂಡರು.

ಅಷ್ಟೊಂದು ಹೋಗಿವೆಯೆಂದು ನನಗೂ ಯಾರೂ ಹೇಳಿರಲಿಲ್ಲ.