ಅಕ್ಷರಬ್ರಹ್ಮನ ಸ್ವಚ್ಛತಾ ಕಾರ್ಯ

'ಅಕ್ಷರಬ್ರಹ್ಮ' ಎಂಬ ಬಿರುದನ್ನು ಅವನಿಗೆ ದಯಪಾಲಿಸಿದವಳು ಹೆಂಡತಿಯೇ. ಅದು ಹೊಗಳಿಕೆ ಎಂದು ಅವನು ನಂಬಿಕೊಂಡಿದ್ದ (ಮದುವೆಯಾಗಿ ಹನ್ನೊಂದು ವರ್ಷವಾದರೂ ಕೆಲವರಿಗೆ ಇಂಥ ಭ್ರಮೆಗಳು ಹೋಗುವುದಿಲ್ಲ). ಡಿಸೈನರ್ ಅಂದಮೇಲೆ ಬಗೆಬಗೆಯ ಅಕ್ಷರಶೈಲಿಯ ಫಾಂಟು ಬೇಡವೇ? ಅವನ ಕಂಪ್ಯೂಟರಿನಲ್ಲಿ ನಾಲ್ಕು ಸಾವಿರ ಫಾಂಟುಗಳು ಠಿಕಾಣಿ ಹೂಡಿದ್ದವು. ಬೆಳಿಗ್ಗೆ ಗುಂಡಿ ಒತ್ತಿ, ಸ್ನಾನ ಮುಗಿಸಿ ಬಂದರೂ ಅವುಗಳ ಭಾರಕ್ಕೆ ಡಿಸೈನ್ ಸಾಫ್ಟ್‌ವೇರ್ ಕಣ್ಣು ಬಿಡುತ್ತಿರಲಿಲ್ಲ.

ಆ ದಿನ ಹೆಂಡತಿಗೆ ಕಾಯುವ ತಾಳ್ಮೆ ಇರಲಿಲ್ಲ. ಎರಡು ವರ್ಷದಿಂದ ಕನಸು ಕಂಡ ಅವಳ ಹೊಲಿಗೆ ಅಂಗಡಿ ಮರುದಿನ ಶುರುವಾಗಬೇಕಿತ್ತು. ಬೋರ್ಡಿನ ಫೈಲು ಮಧ್ಯಾಹ್ನದೊಳಗೆ ಪ್ರಿಂಟ್ ಹಾಕುವವರ ಕೈ ಸೇರಬೇಕಿತ್ತು.

"ರೀ, ಇಷ್ಟೊಂದು ಫಾಂಟ್ ಗುಡ್ಡೆ ಹಾಕ್ಕೊಂಡು ಏನ್ ಮಾಡ್ತೀರಿ? ಬಳಸೋದು ಮೂರೇ ಮೂರು!"

"ಈಗ್ಲೇ ಎಲ್ಲಾ ತೆಗೆದುಬಿಡ್ತೀನಿ ಕಣೇ. ಹೇಗೂ ಎಲ್ಲಾ ಇಂಟರ್ನೆಟ್ಟಿನ ಕ್ಲೌಡ್‌ನಲ್ಲಿ ಭದ್ರವಾಗಿದೆ. ಬೇಕಾದಾಗ ತಾನಾಗೇ ಇಳಿದು ಬರುತ್ತೆ."

ವೀರಾವೇಶದಿಂದ ಅಷ್ಟನ್ನೂ ಅಳಿಸಿದ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಬರಿದು ಮಾಡಿದ. ಸಾಫ್ಟ್‌ವೇರ್ ಚಕ್ಕನೆ ತೆರೆಯಿತು. ಮೀಸೆ ತಿರುವುತ್ತ ಬೋರ್ಡಿನ ಫೈಲು ತೆರೆದ. 'ಫಾಂಟ್ ಸಿಗಲಿಲ್ಲ, ಬದಲಿಗೆ ಬೇರೆಯದನ್ನು ಹಾಕಲಾಗಿದೆ' ಎಂದಿತು ಪರದೆ.

ಬೋರ್ಡಿನ ಫಾಂಟನ್ನು ಅವನೇ ಆರು ವಾರ ಕೂತು ಬರೆದಿದ್ದ. ಒಂದೊಂದು ತಲೆಕಟ್ಟಿಗೂ ಬಳ್ಳಿ, ಒಂದೊಂದು ಕೊಂಬಿಗೂ ಸೂಜಿದಾರ! ಕ್ಲೌಡಿನಲ್ಲಿದ್ದದ್ದು ಕಂಪನಿಯವರ ಫಾಂಟುಗಳು ಮಾತ್ರ. ಮನೆಯಲ್ಲೇ ಹುಟ್ಟಿದ ಈ ಕೂಸು ಇದ್ದದ್ದು ಇದೊಂದೇ ಕಂಪ್ಯೂಟರಿನಲ್ಲಿ. ಅವಳ ಅಂಗಡಿಗೆ ತಾನೇ ಕೈಯಾರೆ ಕಲ್ಲು ಹಾಕಿದೆನಲ್ಲ ಎಂದು ಅವನಿಗೆ ಅಳುವೇ ಬಂತು.

"ಆಯ್ತೇನ್ರೀ?" ಹೆಂಡತಿ ಬಂದೇಬಿಟ್ಟಳು. ಅವನು ಬೆನ್ನಿನಿಂದ ಪರದೆ ಮುಚ್ಚಿದ.

"ನಾನು ಬರೆದ ಫಾಂಟು... ಅದೂ ಅಳಿಸಿಹೋಯ್ತು ಕಣೇ."

ಅವಳು ಅವನನ್ನು ಪಕ್ಕಕ್ಕೆ ಸರಿಸಿ ನೋಡಿದಳು. "ಅಯ್ಯೋ ರೀ!" ಎಂದಳು. ಅವನು ಕಣ್ಣು ಮುಚ್ಚಿಕೊಂಡ.

"ಈಗ ಓದೋಕೆ ಬರ್ತಿದೆ! ಆ ಬಳ್ಳಿಗಳ ಮಧ್ಯೆ ನನ್ನ ಅಂಗಡಿ ಹೆಸರು ನನಗೇ ಸಿಗ್ತಿರ್ಲಿಲ್ಲ. ನೀವು ಬೇಜಾರು ಮಾಡ್ಕೊತೀರಿ ಅಂತ ಬಾಯಿ ಮುಚ್ಕೊಂಡಿದ್ದೆ. ಕಳಿಸಿ, ಕಳಿಸಿ, ಮತ್ತೆ ಕೈ ಹಚ್ಚಬೇಡಿ!"

ಮರುದಿನ ಹತ್ತು ಗಂಟೆಯೊಳಗೆ ಬೋರ್ಡು ಓದಿಕೊಂಡೇ ಇಬ್ಬರು ಗಿರಾಕಿಗಳು ಬಂದರು. ಹೆಂಡತಿಯ ಮುಖ ಅರಳಿದ್ದು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಎದುರಿನ ಔಷಧಿ ಅಂಗಡಿಯವರು ರಸ್ತೆ ದಾಟಿ ಬಂದರು.

"ಬೋರ್ಡು ಎಷ್ಟು ಚೆನ್ನಾಗಿದೆ! ನಮಗೂ ಇಂಥದ್ದೇ ಬೇಕು. ಯಾರು ಮಾಡಿದ್ದು?"

"ನಮ್ಮನೆಯವರೇ," ಎಂದಳು ಹೆಂಡತಿ. ಅಕ್ಷರಬ್ರಹ್ಮನ ಎದೆ ಎರಡಿಂಚು ಉಬ್ಬಿತು.

"ಎಷ್ಟು ದಿನ ಬೇಕಾಗುತ್ತೆ?"

ಅವಳು ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: "ಕೂತು ಬರೆದ್ರೆ ಆರು ವಾರ ಸರ್. ಅಳಿಸೋಕೆ ಬಿಟ್ರೆ ಅರ್ಧ ಗಂಟೆ!"