ಒಂದೇ ಪೆಟ್ಟಿಗೆಯಲ್ಲಿ ನಾಲ್ಕು ಕಂಪ್ಯೂಟರು

ಹೆಂಡತಿ ತನಗಿಂತ ಬುದ್ಧಿವಂತೆ ಎಂಬುದನ್ನು ಮದುವೆಯಾದ ಹೊಸದರಲ್ಲೇ ಒಪ್ಪಿಕೊಂಡುಬಿಡುವ ಗಂಡಸರು ಪುಣ್ಯವಂತರು. ಆಮೇಲೆ ಅವರಿಗೆ ಆಶ್ಚರ್ಯಪಡುವ ಕೆಲಸವಿರುವುದಿಲ್ಲ. ನನ್ನಂಥವರು ಅದನ್ನು ಕಂತುಕಂತಾಗಿ ಒಪ್ಪಿಕೊಳ್ಳುತ್ತೇವೆ, ಅದೂ ಪ್ರತಿ ಸಲ ಒಂದಿಷ್ಟು ಚೌಕಾಸಿ ಮಾಡಿ. ನನ್ನ ಕೊನೆಯ ಕಂತು ಸಂದಾಯವಾದದ್ದು ಕಳೆದ ಕಾಫಿ ಕೊಯ್ಲಿನ ಕಾಲದಲ್ಲಿ, ಯಸಳೂರಿನ ಹತ್ತಿರದ ನಮ್ಮ ಸಣ್ಣ ಎಸ್ಟೇಟಿನಲ್ಲಿ.

ನನ್ನ ಹೆಂಡತಿ ಸುಮಿತ್ರ ಬಿ.ಎಸ್ಸಿ. ಓದಿದವಳು. ಮಕ್ಕಳು ಹಾಸ್ಟೆಲ್ ಸೇರಿದ ಮೇಲೆ ಸಕಲೇಶಪುರದ ಒಂದು ಕಾಲೇಜಿಗೆ ಕಂಪ್ಯೂಟರ್ ಪಾಠ ಹೇಳಲು ಹೋಗುತ್ತಿದ್ದಳು. ಅಲ್ಲಿಯ ಪ್ರಿನ್ಸಿಪಾಲರು ಒಂದು ದಿನ, ಸ್ನಾತಕೋತ್ತರ ಪದವಿ ಇಲ್ಲದವರನ್ನು ಇನ್ನು ಮುಂದೆ ಇಟ್ಟುಕೊಳ್ಳುವುದು ಕಷ್ಟ ಎಂದರಂತೆ. ನಾನಾಗಿದ್ದರೆ ಮನೆಗೆ ಬಂದು ಪ್ರಿನ್ಸಿಪಾಲರನ್ನು ಬೈಯುತ್ತಿದ್ದೆ. ಅವಳು ಮನೆಗೆ ಬಂದು ದೂರಶಿಕ್ಷಣದ ಎಂ.ಸಿ.ಎ.ಗೆ ಸೇರಿಕೊಂಡಳು. ‘ಈ ವಯಸ್ಸಿನಲ್ಲಿ’ ಎಂದು ನಾನು ಶುರುಮಾಡಿದ ವಾಕ್ಯವನ್ನು ಮುಗಿಸಲು ಬಿಡಲಿಲ್ಲ. ಅದು ಇವತ್ತಿಗೂ ಅಷ್ಟಕ್ಕೇ ನಿಂತಿದೆ.

ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಬೇಕು. ಹಲವು ಕಂಪ್ಯೂಟರುಗಳನ್ನು ಒಂದು ಗುಂಪಾಗಿ ಜೋಡಿಸಿ, ಒಂದು ದೊಡ್ಡ ಕೆಲಸವನ್ನು ಅವುಗಳಿಗೆ ಹಂಚಿ ಮಾಡಿಸುವುದನ್ನು ಅವಳು ಆರಿಸಿಕೊಂಡಳು. ಆ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರಂತೆ. ನಮ್ಮ ಕಾಫಿ ಗಿಡಗಳ ಫೋಟೊಗಳನ್ನು ಅವಕ್ಕೆ ಕೊಟ್ಟು, ಹಣ್ಣೆಷ್ಟು, ಕಾಯಿಯೆಷ್ಟು ಎಂದು ಎಣಿಸುವುದು ಕೆಲಸ. ಇದನ್ನು ಕೇಳಿ ನನಗೆ ಖುಷಿಯಾಯಿತು. ಯಾಕೆಂದರೆ ಕೊಯ್ಲು ಯಾವತ್ತು ಶುರುಮಾಡಬೇಕೆಂಬ ವಿಷಯದಲ್ಲಿ ನಾನೂ ನಮ್ಮ ತೋಟ ನೋಡಿಕೊಳ್ಳುವ ರೈಟರ್ ಕೃಷ್ಣೇಗೌಡನೂ ಒಂದು ವರ್ಷವೂ ಒಪ್ಪಿದವರಲ್ಲ. ಆದರೆ ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರು. ಉಳಿದವನ್ನು ಎಲ್ಲಿಂದ ತರುತ್ತೀಯ ಎಂದು ಕೇಳಿದರೆ, “ತರೋದ್ಯಾಕೆ, ಇದರೊಳಗೇ ನಾಲ್ಕು ಮಾಡ್ತೀನಿ” ಎಂದಳು.

ಸಕಲೇಶಪುರದ ಕಂಪ್ಯೂಟರ್ ಅಂಗಡಿಯಿಂದ ಹೆಬ್ಬೆರಳಗಲದ ಎರಡು ಮೆಮೊರಿ ಪಟ್ಟಿ ತಂದು, ಪೆಟ್ಟಿಗೆಯ ಮುಚ್ಚಳ ಬಿಚ್ಚಿ ತಾನೇ ಕೂರಿಸಿದಳು. ಮುಚ್ಚಳ ತೆಗೆದಾಗ ನಾನೂ ಬಗ್ಗಿ ನೋಡಿದೆ. ಧೂಳು ಬಿಟ್ಟರೆ ಬೇರೇನೂ ಜಾಸ್ತಿಯಾಗಿ ಕಾಣಲಿಲ್ಲ. ಅವಳು ತಾಳ್ಮೆಯಿಂದ ವಿವರಿಸಿದಳು. ನಿಜವಾಗಿ ಇರುವುದು ಒಂದೇ ಯಂತ್ರ. ಅದರ ಶಕ್ತಿಯನ್ನು ಪಾಲುಮಾಡಿ ಒಳಗೆ ನಾಲ್ಕು ಕಾಲ್ಪನಿಕ ಯಂತ್ರಗಳನ್ನು ಕಟ್ಟುವುದು. ಪ್ರತಿಯೊಂದೂ ತಾನೇ ಒಂದು ಪೂರ್ತಿ ಕಂಪ್ಯೂಟರು ಎಂದುಕೊಂಡು ಕೆಲಸ ಮಾಡುತ್ತದೆ, ಪಕ್ಕದ್ದರ ಜೊತೆ ಮಾತಾಡುತ್ತದೆ. ತಾವು ಕಾಲ್ಪನಿಕ ಎಂಬುದು ಅವಕ್ಕೆ ಗೊತ್ತಿಲ್ಲವೇ ಎಂದೆ. ಗೊತ್ತಾಗಬೇಕಾದ ಅಗತ್ಯವೇ ಇಲ್ಲ ಎಂದಳು. ನನಗೆ ಅವುಗಳ ಮೇಲೆ ಸ್ವಲ್ಪ ಕನಿಕರ ಹುಟ್ಟಿತು.

ನಾಲ್ಕಕ್ಕೂ ಹೆಸರು ಬೇಕಿತ್ತು. ಕೆಲಸ ಹಂಚುವ ಮುಖ್ಯ ಯಂತ್ರಕ್ಕೆ ಯಸಳೂರು ಎಂದೂ, ಹಂಚಿದ್ದನ್ನು ಮಾಡುವ ಮೂರಕ್ಕೆ ಸುತ್ತಲಿನ ಊರುಗಳ ಹಾಗೆ ಆಲೂರು, ಪಾಳ್ಯ, ಹೊಸಕೋಟೆ ಎಂದೂ ಇಟ್ಟಳು. ಮೊದಮೊದಲು ಅವು ಒಂದರ ಜೊತೆ ಒಂದು ಮಾತಾಡುತ್ತಲೇ ಇರಲಿಲ್ಲ. ಅವಳು ಕಟ್ಟಿದ್ದನ್ನೆಲ್ಲ ಅಳಿಸಿ ಮತ್ತೆ ಕಟ್ಟುವಳು. ಕಾಲೇಜಿನಿಂದ ಬಸ್ಸಿನಲ್ಲಿ ಬರುವಾಗ ಯೋಚಿಸಿದ್ದನ್ನು ಚಪ್ಪಲಿ ಬಿಟ್ಟ ತಕ್ಷಣ ಪರೀಕ್ಷಿಸುವಳು. ಸ್ಪ್ರಿಂಕ್ಲರಿನ ಒಂದು ನಟ್ಟು ಕೂರದಿದ್ದರೆ ಸ್ಪ್ಯಾನರ್ ಎಸೆಯುವ ನಾನು, ಬಾಗಿಲಲ್ಲಿ ನಿಂತು ಅವಳ ಬೆನ್ನನ್ನೇ ನೋಡುತ್ತಿದ್ದೆ. ಅವಳು ಒಮ್ಮೆಯೂ ಗೊಣಗಲಿಲ್ಲ. ಕನ್ನಡಕ ಮೇಲೆ ತಳ್ಳಿಕೊಂಡು, “ಓಹೋ, ಹಂಗಾ ವಿಷಯ” ಎನ್ನುವಳು, ಯಾರೋ ಗುಟ್ಟು ಹೇಳಿದ ಹಾಗೆ.

ಒಂದು ಬೆಳಿಗ್ಗೆ ಕೃಷ್ಣೇಗೌಡ ಮುಖ ಸಣ್ಣದು ಮಾಡಿಕೊಂಡು ಬಂದ. ಅವನ ಮಗಳನ್ನು ಪಾಳ್ಯಕ್ಕೆ ಕೊಟ್ಟಿದೆ.

“ಸಾರ್, ಪಾಳ್ಯದಲ್ಲಿ ಏನಾರ ಆಗೈತಾ? ಅಮ್ಮಾವ್ರು ಫೋನಲ್ಲಿ ಪಾಳ್ಯ ಸತ್ತೋಗ್ಬುಟ್ಟೈತೆ, ಎಷ್ಟು ಕರೆದ್ರೂ ಏಳ್ತಿಲ್ಲ ಅಂತಿದ್ರು. ಮಗಳಿಗೆ ಫೋನ್ ಮಾಡಿದ್ರೆ ಚೆನ್ನಾಗೇ ಇದೀವಿ ಅಂತಾಳೆ.”

ಸುಮಿತ್ರ ಜೊತೆಯಲ್ಲಿ ಓದುವ ಗೆಳತಿಗೆ ಹೇಳುತ್ತಿದ್ದದ್ದು ಅವನ ಕಿವಿಗೆ ಬಿದ್ದಿತ್ತು. ಅವನಿಗೆ ಇದನ್ನೆಲ್ಲ ವಿವರಿಸುವಷ್ಟರಲ್ಲಿ ನನಗೇ ಅರ್ಧ ಅರ್ಥವಾಯಿತು.

ಕೊನೆಗೂ ನಾಲ್ಕೂ ಒಂದಾದವು. ಮೌಖಿಕ ಪರೀಕ್ಷೆ ಮನೆಯಿಂದಲೇ, ವಿಡಿಯೊ ಮೂಲಕ. ಅಂದು ಬೆಳಿಗ್ಗೆ ಅವಳು ಫೋಟೊಗಳ ಎಣಿಕೆ ಶುರುಮಾಡಿ ಸೀರೆ ಬದಲಿಸಲು ಒಳಗೆ ಹೋದಳು. ನನಗೆ ಮೆಣಸಿನ ರೇಟು ನೋಡಬೇಕಿತ್ತು. ಮೊಬೈಲು ಚಾರ್ಜಿಗಿತ್ತು. ಕಂಪ್ಯೂಟರಿನ ಮುಂದೆ ಕೂತರೆ ಪರದೆಯ ತುಂಬಾ ಕಪ್ಪು ಚೌಕಗಳು, ಅದರಲ್ಲಿ ಓಡುವ ಅಕ್ಷರಗಳು. ಅಡ್ಡ ಬಂದ ಒಂದನ್ನು ಮುಚ್ಚಲು ಹೋದೆ. ಖಂಡಿತ ನಿಲ್ಲಿಸಲೇ ಎಂದು ಅದು ಕೇಳಿತು. ಕಂಪ್ಯೂಟರು ಏನು ಕೇಳಿದರೂ ಹೌದೆನ್ನುವುದು ನನ್ನ ಪದ್ಧತಿ. ರೇಟು ಸ್ವಲ್ಪ ಏರಿತ್ತು. ಆ ಪುಟವನ್ನು ಹಾಗೇ ಬಿಟ್ಟು ಸಮಾಧಾನದಿಂದ ಎದ್ದುಬಂದೆ.

ಪರೀಕ್ಷೆಯ ಹೊತ್ತಿಗೆ ನನಗಿದ್ದ ಜವಾಬ್ದಾರಿ ನಾಯಿ ಬೊಗಳದಂತೆ ನೋಡಿಕೊಳ್ಳುವುದು. ಕ್ಯಾಮೆರಾಕ್ಕೆ ಕಾಣದಂತೆ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ನಾಯಿಯ ಕತ್ತು ಹಿಡಿದು ಕೂತಿದ್ದೆ. ಪರೀಕ್ಷಕರು ಹಿರಿಯರು, ನಿಧಾನದ ಮಾತಿನವರು. ಸುಮಿತ್ರ ಕ್ಲಸ್ಟರನ್ನು ತೋರಿಸುತ್ತಿದ್ದಾಗ ಮಧ್ಯದಲ್ಲಿ ತಡೆದು, ನಾಲ್ಕು ಎಂದಿರಿ, ಮೂರೇ ನಡೆಯುತ್ತಿವೆಯಲ್ಲ ಎಂದರು. ಅವಳು ಪರದೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ನಾಯಿಯನ್ನು ನೋಡಿದೆ. ಎರಡು ವರ್ಷದ ಓದು, ಒಂದು ನೌಕರಿ, ಎಲ್ಲ ಹೋಯಿತೆಂದುಕೊಂಡು ನಾಯಿಯ ಕತ್ತನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಅವಳ ದನಿ ಮಾತ್ರ ನಡುಗಲಿಲ್ಲ. “ಪಾಳ್ಯ ನಿಂತಿದೆ ಸರ್. ನಾನು ನಿಲ್ಲಿಸಿದ್ದಲ್ಲ. ಆದರೆ ಅದರ ಪಾಲಿನ ಫೋಟೊಗಳನ್ನ ಯಸಳೂರು ಉಳಿದೆರಡಕ್ಕೆ ಹಂಚಿಕೊಟ್ಟಿದೆ, ನೋಡಿ. ಎಣಿಕೆ ನಿಂತಿಲ್ಲ.”

“ಮತ್ತೆ ನಿಲ್ಲಿಸಿದ್ದು ಯಾರು?”

“ನಮ್ಮ ಯಜಮಾನರು ಸರ್. ಮೆಣಸಿನ ರೇಟು ನೋಡೋಕೆ.”

ಪರೀಕ್ಷಕರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಎಲ್ಲರೂ ಒಂದು ಯಂತ್ರವನ್ನು ತಾವೇ ನಿಲ್ಲಿಸಿ ತೋರಿಸುತ್ತಾರಮ್ಮ, ಹೇಳದೆ ಕೇಳದೆ ನಿಂತಾಗಲೂ ನಡೆದ ಕ್ಲಸ್ಟರನ್ನು ಇವತ್ತು ನೋಡಿದೆ ಎಂದರು. ಅವಳು ಪಾಳ್ಯವನ್ನು ಮತ್ತೆ ಎಬ್ಬಿಸಿದಳು. ಅದು ಎದ್ದು, ಏನೂ ಆಗದವರಂತೆ ಬಂದು ಕೆಲಸ ಕೇಳಿತು. ಸುಮಿತ್ರ ಡಿಸ್ಟಿಂಕ್ಷನ್‌ನಲ್ಲಿ ಪಾಸಾದಳು, ಕಾಲೇಜಿನಲ್ಲಿ ಗಟ್ಟಿಯಾಗಿ ಉಳಿದಳು.

ಈ ಗೆಲುವಿನಲ್ಲಿ ನನ್ನದೂ ಪಾಲಿದೆ ಎಂದು ಒಮ್ಮೆ ಊಟದ ಹೊತ್ತಿಗೆ ಹೇಳಿನೋಡಿದೆ. “ಪಾಳ್ಯ ಮುಚ್ಚಿದ್ದಕ್ಕೆ ಸರಿಹೋಯ್ತು ರೀ. ಯಸಳೂರು ಮುಚ್ಚಿದ್ರೆ ಎಲ್ಲಾ ನಿಂತುಹೋಗ್ತಿತ್ತು” ಎಂದಳು. ಮುಖ್ಯಸ್ಥನ ಮಹತ್ವ ನನಗೆ ಮನದಟ್ಟಾಯಿತು. ಕೆಲಸ ಹಂಚುವವನು ಇಲ್ಲದಿದ್ದರೆ ಎಸ್ಟೇಟೂ ಅಷ್ಟೇ ತಾನೇ ಎಂದುಕೊಂಡು, ನಾನು ಕೆಲವು ದಿನ ಎದೆ ಸ್ವಲ್ಪ ಮುಂದೆ ಮಾಡಿಕೊಂಡೇ ಓಡಾಡಿದೆ.

ಅಷ್ಟರಲ್ಲಿ ತುಮಕೂರಿನ ತಂಗಿಯ ಮನೆಯ ಗೃಹಪ್ರವೇಶ ಬಂತು. ಒಬ್ಬನೇ ಹೋದವನಿಗೆ ಅಲ್ಲೇ ಜ್ವರ ಹಿಡಿದು, ಬರುವುದು ತುಂಬಾ ತಡವಾಯಿತು. ಮೆಣಸು ಕೊಯ್ಲಿನ ಸಮಯ. ಏನೇನು ನಿಂತುಹೋಗಿದೆಯೋ ಎಂದು ದಾರಿಯುದ್ದಕ್ಕೂ ಚಿಂತೆ. ಬಸ್ಸಿಳಿದು ಬ್ಯಾಗು ಹೊತ್ತು ತೋಟದ ದಾರಿ ಹತ್ತಿದರೆ, ಕಣದ ತುಂಬಾ ಮೆಣಸು ಹರಡಿ ಒಣಗುತ್ತಿತ್ತು. ಕಾಫಿಗೆ ಸ್ಪ್ರಿಂಕ್ಲರಿನ ನೀರು ಹಾರುತ್ತಿತ್ತು. ನಾನು ಹೋಗುವಾಗ ಕೆಟ್ಟಿದ್ದ ಗೇಟು ಸರಿಯಾಗಿತ್ತು. ಕೃಷ್ಣೇಗೌಡ ಕಣದಲ್ಲಿ ನಿಂತು ಮೆಣಸಿಗೆ ಕೈಯಾಡಿಸುತ್ತಿದ್ದ. ಅವನು ನನ್ನನ್ನೊಮ್ಮೆ, ನನ್ನ ಬ್ಯಾಗನ್ನೊಮ್ಮೆ ನೋಡಿ ವಿನಯದಿಂದ ಕೇಳಿದ:

“ಎಲ್ಲಿಗಾರ ಹೊಂಟ್ರಾ ಸಾರ್?”